ಅಪ್ಪನ ತತ್ವಪದಗಳ ಕಡತ ಕೊನೆಗೂ ತೆರೆಯಿತು

ಅಪ್ಪ ಸಂಗ್ರಹಿಸಿದ್ದ ತತ್ವಪದಗಳನ್ನು 2008ರಲ್ಲಿ ಗಂಗಾವತಿಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಮೊನ್ನೆ ಕೊಪ್ಪಳದ ಮನೆಯಲ್ಲಿ ಆ ಸಿಡಿ ಸಿಕ್ಕಿತು. ಕಡತ ತೆರೆದರೆ ಒಂದಕ್ಷರವೂ ಕನ್ನಡವಿಲ್ಲ. 'ಕ' ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೆರೆಯಿರುವ ಎ. 'ನ' ಇರಬೇಕಾದಲ್ಲಿ ಪೌಂಡ್ ಚಿಹ್ನೆ. ಅಪ್ಪ ಈಗಿಲ್ಲ, ಎದೆ ಧಸಕ್ಕೆಂದಿತು.

ಪಕ್ಕದ ಓಣಿಯ ಹುಡುಗ ನೋಡಿ, "ಅಕ್ಕಾರ, ಕಡತ ಕೆಟ್ಟಿಲ್ರೀ. ನುಡಿ ಫಾಂಟ್ ಇಲ್ಲ, ಅದಕ್ಕ ಹಿಂಗ ಕಾಣ್ತದ" ಅಂದ.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಂಡೆ. ಪದಗಳೆಲ್ಲ ಕಂಡವು. ಆದರೆ ವಾಟ್ಸಾಪ್‌ಗೆ ಅಂಟಿಸಿದರೆ ಮತ್ತೆ ಅದೇ ಗೀಚು. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಫಾಂಟ್ ಕಳಚಿದರೆ ಕನ್ನಡವೂ ಹೋಯಿತು. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ, ಫಾಂಟ್ ಬದಲಾದರೂ ಅಕ್ಷರ ಹೋಗುವುದಿಲ್ಲ.

ಹಾಗಾಗಿ 'ನುಡಿಯಿಂದ ಯೂನಿಕೋಡ್' ಎಂದು ಹುಡುಕಿ, ಬ್ರೌಸರ್‌ನಲ್ಲೇ ಕೆಲಸ ಮಾಡುವ ಉಚಿತ ಪರಿವರ್ತಕ ಹಿಡಿದೆ. ಮೊದಲು ಒಂದೇ ತತ್ವಪದ ಅಂಟಿಸಿ ಪರೀಕ್ಷಿಸಿದೆ, ಆಮೇಲೆ ಉಳಿದದ್ದು. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾದವು. ಅವನ್ನು ಕೈಯಾರೆ ತಿದ್ದಬೇಕು. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಮೂಲದ ಜೊತೆ ತಾಳೆ ನೋಡಿದೆ. ಬೇಸರದ ಕೆಲಸವೇ, ಬಿಡುವಂತಿಲ್ಲ. ಮೂಲ ಕಡತವನ್ನು ಮುಟ್ಟದೆ ಹಾಗೇ ಇಟ್ಟಿದ್ದೇನೆ.

ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ನೋಟೊ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟ್ ಕೊಟ್ಟು ಉಳಿಸಿದೆ. 'ಗುರುವೇ' ಎಂದು ಹುಡುಕಿದರೆ ಈಗ ಆ ಮಾತಿರುವ ತತ್ವಪದಗಳೆಲ್ಲ ಸಿಗುತ್ತವೆ. ರಾತ್ರಿ ಅವ್ವನ ಫೋನಿಗೆ ಒಂದು ಕಳಿಸಿದೆ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು.