ಬೀಳುವ ಮುಂಚೆ ಏನು ಮಾಡುತ್ತಿದ್ದಿರಿ?

ತುರ್ತು ಚಿಕಿತ್ಸಾ ವಿಭಾಗದ ರಿಜಿಸ್ಟರಿನಲ್ಲಿ ಒಂದು ಅಪಘಾತಕ್ಕೆ ಸಿಗುವುದು ಒಂದೇ ಸಾಲು. ‘ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟು’, ‘ಬೈಕ್ ಸ್ಕಿಡ್, ತಲೆಗೆ ಗಾಯ’, ‘ಹಾವು ಕಡಿತ, ಬಲಗಾಲು’. ಪೊಲೀಸರಿಗೆ ಅಷ್ಟು ಸಾಕು, ಚಿಕಿತ್ಸೆ ಶುರು ಮಾಡಲೂ ಸಾಕು. ಮೊದಲು ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ ಕಡೆ, ಆಮೇಲೆ ಕೆಳಗಿಳಿದು ಕರಾವಳಿಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯಾಗಿ ಪಾಳಿ ಮಾಡುತ್ತ ಬಂದ ನನಗೆ ಮಾತ್ರ ಆ ಸಾಲು ಸಾಲದು ಅನ್ನಿಸುತ್ತಿತ್ತು. ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ಬಗೆಯ ಗಾಯ ಬರುತ್ತಿದ್ದರೆ ಅದನ್ನು ಆಕಸ್ಮಿಕ ಎನ್ನುವುದು ಹೇಗೆ?

ಗಾಯ ತೊಳೆಯುವಾಗ, ಎಕ್ಸ್‌ರೇಗೆ ಕಾಯುವಾಗ ಇನ್ನೊಂದು ಪ್ರಶ್ನೆ ಕೇಳತೊಡಗಿದೆ. ‘ಹೇಗಾಯಿತು?’ ಎಂದು ಕೇಳಿದರೆ ಬರುವ ಉತ್ತರ ‘ಗ್ರಹಚಾರ ಸಿಸ್ಟರೇ’. ‘ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡುತ್ತಿದ್ದಿರಿ?’ ಎಂದರೆ ನಿಜವಾದ ಸಂಗತಿ ಹೊರಬರುತ್ತದೆ. ಹೆಸರು, ಊರು ಯಾವುದನ್ನೂ ಬರೆಯದೆ ಆ ಉತ್ತರವನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಇಳಿಸುತ್ತ ಹೋದೆ. ರಿಜಿಸ್ಟರಿನಲ್ಲಿ ‘ಸ್ಕೂಟರಿನಿಂದ ಬಿದ್ದು’ ಎಂದಿರುವ ಹೆಂಗಸು, ಬೀಳುವ ಮುಂಚೆ ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತು ಕೊಡೆ ಬಿಚ್ಚಿದ್ದಳು. ಜೂನ್ ಮೊದಲ ವಾರದ ಮಳೆ, ಎದುರಿನಿಂದ ಲಾರಿ, ಗಾಳಿ ಕೊಡೆಯನ್ನು ಎಳೆಯಿತು, ಕೊಡೆ ಅವಳನ್ನು ಎಳೆಯಿತು. ಇಂಥದ್ದು ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೊಂದಲ್ಲ, ಹಲವು.

ಹೆದ್ದಾರಿ 66ರ ಗಾಯಾಳುಗಳಿಗೆ ‘ಹೆಲ್ಮೆಟ್ ಇತ್ತೇ?’ ಎಂದು ಕೇಳುವುದನ್ನೂ ಬಿಟ್ಟೆ. ಇತ್ತು ಎನ್ನುತ್ತಾರೆ, ಸುಳ್ಳೇನಲ್ಲ. ಕೆಲವರಿಗೆ ಮೊಣಕೈಯಲ್ಲಿ, ಕೆಲವರಿಗೆ ಪೆಟ್ರೋಲ್ ಟ್ಯಾಂಕಿನ ಮೇಲೆ. ‘ಪಟ್ಟಿ ಹಾಕಿತ್ತೇ?’ ಎಂದು ಕೇಳಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ರಸ್ತೆಗೆ ಹಾರಿರುತ್ತದೆ. ಮಳೆಗಾಲದ ರಾತ್ರಿಗಳಲ್ಲಿ ದನಗಳು ಒದ್ದೆ ನೆಲ ಬಿಟ್ಟು ಡಾಂಬರಿನ ಮೇಲೆ ಬಂದು ಮಲಗುತ್ತವೆ ಎಂಬುದು ಊರಿನವರಿಗೆಲ್ಲ ಗೊತ್ತು. ಗೊತ್ತಿದ್ದೂ ಅದೇ ವೇಗದಲ್ಲಿ ಹೋಗುವವರನ್ನು ನಾವು ಗಂಟೆ ಹನ್ನೊಂದರ ಮೇಲೆ ನೋಡುತ್ತೇವೆ.

ನೋಟ್‌ಬುಕ್ಕಿನಲ್ಲಿ ಹೆಚ್ಚು ಪುಟ ತಿಂದದ್ದು ಅಡಿಕೆ ತೋಟ. ಘಟ್ಟದ ಮೇಲೆ ಕೆಲಸ ಮಾಡುವಾಗ ನವೆಂಬರ್ ನಂತರದ ಅಡಿಕೆಗೊನೆ ಕೊಯ್ಲಿಗಿಂತ ಮಳೆ ನಡುವಿನ ಮದ್ದು ಹೊಡೆಯುವ ದಿನಗಳು ನನ್ನನ್ನು ಹೆಚ್ಚು ಹೆದರಿಸುತ್ತಿದ್ದವು. ಅಡಿಕೆ ಕಾಯಿ ಉದುರಿಸುವ ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭದಲ್ಲಿ ಒಮ್ಮೆ, ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮಳೆ ಎರಡು ಗಂಟೆ ಬಿಡುವು ಕೊಟ್ಟರೆ ಆ ಎರಡು ಗಂಟೆಯಲ್ಲೇ ಮರ ಹತ್ತಬೇಕು. ಮರದ ಪಾಚಿ ಇನ್ನೂ ಒದ್ದೆ, ಹತ್ತುವಾಗ ಕಾಲಿಗೆ ಹಾಕುವ ಬಳೆಯಂಥ ತಳೆಯೂ ಒದ್ದೆ. ‘ಬೀಳುವ ಮುಂಚೆ?’ ಎಂದರೆ ‘ಇಳಿದು ಹತ್ತುವುದೇಕೆ ಎಂದು ಆ ಮರದಿಂದಲೇ ಈ ಮರಕ್ಕೆ ದಾಟುತ್ತಿದ್ದೆ’ ಎಂಬ ಉತ್ತರವನ್ನು ಬರೆದು ಬರೆದು ಕೈ ಸೋತಿದೆ.

ಈಗ ಮರ ಹತ್ತುವವರು ಸಿಗುವುದು ಕಷ್ಟವಾಗಿ ದೋಟಿ, ಅಂದರೆ ಉದ್ದನೆಯ ಕೊಯ್ಯುವ ಕೋಲು, ಬಂದಿದೆ. ನೆಲದ ಮೇಲೆ ನಿಂತು ಕೊಯ್ಯುವುದರಿಂದ ಬೀಳುವ ಭಯವಿಲ್ಲ, ಒಳ್ಳೆಯದೇ. ಆದರೆ ದೋಟಿ ತುದಿ ವಿದ್ಯುತ್ ತಂತಿಗೆ ತಗುಲಿದ ಸುಟ್ಟಗಾಯ ನೋಡಿದವರಿಗೆ ಆ ನಿಶ್ಚಿಂತೆ ಉಳಿಯುವುದಿಲ್ಲ. ಅಂಗೈಯಲ್ಲಿ ಕಾಸಿನಗಲದ ಬೂದು ಬಣ್ಣದ ಗುಳಿ, ಪಾದದಲ್ಲಿ ಇನ್ನೊಂದು. ನಡುವೆ ಒಳಗೆ ಏನು ಬೆಂದಿದೆ ಎಂಬುದು ಹೊರಗೆ ಕಾಣುವುದಿಲ್ಲ. ಅದಕ್ಕೇ ಸಣ್ಣ ಗಾಯವೆಂದು ಮನೆಗೆ ಕಳಿಸದೆ ಇಸಿಜಿ ತೆಗೆದು, ಮೂತ್ರದ ಬಣ್ಣ ನೋಡುತ್ತ ಕಾಯಬೇಕು. ಅಲ್ಯೂಮಿನಿಯಂ ದೋಟಿ ಅಪಾಯವೆಂದು ಜನಕ್ಕೆ ಗೊತ್ತಾಗಿದೆ. ‘ಇದು ಕಾರ್ಬನ್ ಫೈಬರ್, ಲೋಹವಲ್ಲವಲ್ಲ’ ಎಂಬ ನಂಬಿಕೆ ಮಾತ್ರ ಹಾಗೆಯೇ ಇದೆ. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಆ ಸಾಲಿನ ಮರಗಳಿಗೆ ಲೈನ್ ಬಂದ್ ಮಾಡಿಸಿಯೇ ಕೈ ಹಚ್ಚಬೇಕು. ಅಂಗಡಿಯವರು ಇದನ್ನು ಮಾರುವಾಗಲೇ ಹೇಳಿದರೆ ನನ್ನ ನೋಟ್‌ಬುಕ್ಕಿನ ಕೆಲವು ಪುಟ ಖಾಲಿ ಉಳಿದಾವು.

ಬಿದ್ದವರನ್ನು ಕರೆತರುವ ರೀತಿಯದು ಇನ್ನೊಂದು ಸಂಕಟ. ಇಬ್ಬರು ತೋಳು, ಇಬ್ಬರು ಕಾಲು ಹಿಡಿದು ಎತ್ತುತ್ತಾರೆ. ಬೆನ್ನು ನಡುವೆ ತೊಟ್ಟಿಲಿನಂತೆ ಬಾಗುತ್ತದೆ. ಓಮ್ನಿಯ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ತುರುಕುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಬಿದ್ದಾಗ ಉಳಿದಿದ್ದ ನರ ಈ ಎತ್ತಾಟದಲ್ಲಿ ಹೋಗಬಹುದು. ಹಾಗಾಗಿ ಸ್ವಸಹಾಯ ಸಂಘದ ಸಭೆಗಳಲ್ಲಿ ನಾನು ಭಾಷಣ ಮಾಡುವುದಿಲ್ಲ, ಒಬ್ಬರನ್ನು ನೆಲದ ಮೇಲೆ ಮಲಗಿಸಿಬಿಡುತ್ತೇನೆ. ಒಬ್ಬರು ತಲೆಯ ಕಡೆ ಕುಳಿತು ಎರಡೂ ಕೈಯಲ್ಲಿ ತಲೆಯನ್ನು ಅಲುಗದಂತೆ ಹಿಡಿಯಬೇಕು. ಭುಜ, ಸೊಂಟ, ಕಾಲಿಗೆ ಉಳಿದವರು. ತಲೆ ಹಿಡಿದವರು ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಬೆನ್ನಡಿಗೆ ಹಲಗೆ ಜಾರಿಸಬೇಕು. ಮನೆಯಲ್ಲಿ ಹಲಗೆಯಿಲ್ಲ ಎಂದವರಿಗೆ ಕೊಟ್ಟಿಗೆಯ ಹಳೆಯ ಬಾಗಿಲು ತೋರಿಸಿದ್ದೂ ಇದೆ. ಜೀವಕ್ಕೆ ಅಲ್ಲಿಯೇ ಬೇರೆ ಅಪಾಯವಿಲ್ಲದಿದ್ದರೆ 108 ಬರುವವರೆಗೆ ಅಲುಗಾಡಿಸದೆ ಬಿಡುವುದೇ ಮೇಲು.

ಹಾವಿನ ವಿಷಯಕ್ಕೆ ಬರುತ್ತೇನೆ. ದರಕು (ಉದುರಿದ ಒಣ ಎಲೆ) ಒಟ್ಟುವಾಗ, ಕಟ್ಟಿಗೆ ರಾಶಿಗೆ ಕೈ ಹಾಕುವಾಗ, ಮುಸ್ಸಂಜೆ ಟಾರ್ಚ್ ಇಲ್ಲದೆ ಕೊಟ್ಟಿಗೆಗೆ ಹೋಗುವಾಗ: ಉತ್ತರಗಳು ಬಹುತೇಕ ಈ ಮೂರರಲ್ಲೇ ಮುಗಿಯುತ್ತವೆ. ಬಂದವರ ಕಾಲಿಗೆ ಹಗ್ಗವೋ ಪಂಚೆಯ ಅಂಚೋ ಬಿಗಿದಿರುತ್ತದೆ, ಕೆಳಗಿನ ಭಾಗ ನೀಲಿಗಟ್ಟಿರುತ್ತದೆ. ಕಟ್ಟಬೇಡಿ, ಕೊಯ್ಯಬೇಡಿ, ಉಂಗುರ ಬಳೆ ಕಾಲುಂಗುರ ತೆಗೆದುಬಿಡಿ, ಕಾಲು ಅಲುಗಾಡದಂತೆ ಇಟ್ಟು ಕರೆತನ್ನಿ. ಹಾವನ್ನು ಹೊಡೆದು ಪ್ಲಾಸ್ಟಿಕ್ ಚೀಲದಲ್ಲಿ ತರುವ ಅಗತ್ಯವಿಲ್ಲ. ಸತ್ತಂತಿದ್ದ ಹಾವು ಚೀಲದಿಂದ ತಲೆ ಎತ್ತಿದರೆ ಕ್ಯಾಶುಯಾಲ್ಟಿಯಲ್ಲಿ ಆಗುವ ಗದ್ದಲ ಬೇರೆ. ನಾವು ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ ಹಾಕಿ, ಮುಟ್ಟದೆ ಇಪ್ಪತ್ತು ನಿಮಿಷ ನಿಲ್ಲಿಸುತ್ತೇವೆ. ಆಮೇಲೆ ಒಮ್ಮೆ ಓರೆ ಮಾಡಿದರೆ ರಕ್ತ ಗಡ್ಡೆಯಾಗಿ ನಿಂತಿರಬೇಕು. ನೀರಿನಂತೆ ಹರಿದರೆ ಮಂಡಲ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಎಂದೇ ಲೆಕ್ಕ. ಆ ಇಪ್ಪತ್ತು ನಿಮಿಷ ಮನೆಯವರು ‘ಇಂಜೆಕ್ಷನ್ ಯಾಕೆ ಕೊಡುತ್ತಿಲ್ಲ’ ಎಂದು ಕೂಗಾಡುವುದು ಮಾಮೂಲು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಘಟ್ಟದ ದರಕಿನಲ್ಲಿ ಅಡಗುವ, ಮೂಗಿನ ತುದಿ ಮೇಲೆದ್ದ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅಲ್ಲಿ ಕಾದು ನೋಡಿ ಮೂತ್ರಪಿಂಡ ಕಾಪಾಡುವುದೇ ಚಿಕಿತ್ಸೆ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ಆ ನಮೂನೆ ತುಂಬುವುದು ಬೇಸರದ ಕೆಲಸವಾದರೂ ನಾನು ಒಮ್ಮೆಯೂ ಗೊಣಗಿಲ್ಲ.

ಕರಾವಳಿಗೆ ಬಂದ ಮೇಲೆ ಕಲಿತದ್ದು, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಚುಚ್ಚಿದರೆ ಮಾಡುವ ಉಪಚಾರ. ಜುಲೈ ಕೊನೆಗೆ ಯಾಂತ್ರಿಕ ದೋಣಿಗಳ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುತ್ತಿದ್ದಂತೆ, ಬಲೆ ಬಿಡಿಸುವ ಕೈಗಳು ನಮ್ಮಲ್ಲಿಗೆ ಬರುತ್ತವೆ. ಗಟ್ಟಿಮುಟ್ಟಾದ ಗಂಡಸರು ಗಳಗಳನೆ ಅಳುವ ನೋವು ಅದು. ಆ ವಿಷ ಬಿಸಿಗೆ ಕೆಡುತ್ತದೆ. ತಡೆದುಕೊಳ್ಳಬಹುದಾದಷ್ಟು, ಅಂದರೆ ಸುಮಾರು 45 ಡಿಗ್ರಿ ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಮುಳುಗಿಸಿದರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ನೋಯದ ಕೈಯಿಂದ ನೋಡಬೇಕು, ನೋಯುವ ಕೈಗೆ ಬಿಸಿಯ ಅಂದಾಜು ಸಿಗದೆ ಬೊಬ್ಬೆ ಏಳುತ್ತದೆ. ಮುಳ್ಳಿನ ಚೂರು ಒಳಗುಳಿದಿದೆಯೇ ಎಂದು ನೋಡಿಸಲು, ಟೆಟನಸ್ ಚುಚ್ಚುಮದ್ದಿಗೆ ಆಮೇಲೆ ಬಂದರಾಯಿತು. ಆದರೆ ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಬಿಸಿನೀರಿಗೆ ಕಾಯದೆ ದಡ ಸೇರಬೇಕು. ಬೋಟಿನಲ್ಲಿ ಹೇಗೂ ಅಡುಗೆಯ ಒಲೆ ಇರುತ್ತದೆ ಎಂದು ಬಂದರಿನಲ್ಲಿ ಹೇಳಿದೆ. ಈಗ ಕೆಲವರು ಕೈಯನ್ನು ಬಕೆಟ್ಟಿನಲ್ಲಿ ಅದ್ದಿಕೊಂಡೇ ಆಟೋದಿಂದ ಇಳಿಯುತ್ತಾರೆ.

ಗೋಕರ್ಣ, ಮುರ್ಡೇಶ್ವರದ ಕಡಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನದು ಒಂದೇ ಮಾತು: ಮುಳುಗಿದವರ ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಹಿಡಿಯಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದೇ ಮೊದಲ ಕೆಲಸ, ಎದೆ ಒತ್ತುವುದು ಅದರ ಬೆನ್ನಿಗೆ.

ಇಷ್ಟೆಲ್ಲ ಜನರ ಕೈಗೇ ಹೇಳಿಕೊಡುವುದಕ್ಕೆ ಕಾರಣ ನಮ್ಮ ಜಿಲ್ಲೆಯ ಭೂಗೋಳ. ತಲೆಗೆ ಗಂಭೀರ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಅಪ್ಪಳಿಸಿ ನಾಲ್ವರು ತೀರಿಕೊಂಡದ್ದನ್ನು ಇಲ್ಲಿಯವರು ಮರೆತಿಲ್ಲ. ದೊಡ್ಡ ಆಸ್ಪತ್ರೆಯ ಬೇಡಿಕೆ ಆ ವರ್ಷ ಬೀದಿಗಿಳಿಯಿತು. ಅದು ಬರುವ ದಿನ ಬರಲಿ. ಮೊದಲ ಅರ್ಧ ಗಂಟೆ ಅಂದಿಗೂ ಅಕ್ಕಪಕ್ಕದವರದ್ದೇ.

ಈ ಸಲ ಮಳೆಗಾಲಕ್ಕೆ ಮುಂಚೆ ಕೊನೆಗೌಡರ, ಅಂದರೆ ಅಡಿಕೆ ಮರ ಹತ್ತುವವರ, ಜತೆ ಕೂತಾಗ ಸುರಕ್ಷಾ ಬೆಲ್ಟಿನ ಮಾತೆತ್ತಿದೆ. ಹಿರಿಯರೊಬ್ಬರು ನಕ್ಕರು. ‘ಬೆಲ್ಟ್ ಕಟ್ಟಿ ಬಿಚ್ಚುವಷ್ಟರಲ್ಲಿ ನಾಲ್ಕು ಮರ ಮುಗಿಯುತ್ತದೆ ತಂಗೀ. ನಮಗೆ ದುಡ್ಡು ಮರದ ಲೆಕ್ಕಕ್ಕೆ, ಗಂಟೆಯ ಲೆಕ್ಕಕ್ಕಲ್ಲ.’ ಅಷ್ಟು ವರ್ಷ ಬರೆದಿಟ್ಟ ‘ಮರದಿಂದ ಮರಕ್ಕೆ ದಾಟುತ್ತಿದ್ದೆ’ಗಳ ಹಿಂದೆ ಇದ್ದದ್ದು ಈ ಲೆಕ್ಕ. ಮುಂದಿನ ಸಭೆಗೆ ತೋಟದವರನ್ನೂ ಕರೆದೆ. ಮದ್ದು ಹೊಡೆಯುವ ದಿನಗಳಿಗಾದರೂ ದಿನಗೂಲಿ ಕೊಡಿ, ಮರ ಆರುವವರೆಗೆ ಕಾಯುವ ಹೊತ್ತೂ ಅದರಲ್ಲೇ ಸೇರಲಿ ಎಂಬ ಪ್ರಸ್ತಾಪ ಇಟ್ಟೆವು. ಕೆಲವರು ಒಪ್ಪಿದರು. ಉಳಿದವರು ‘ಈಗಲೇ ಕೂಲಿ ಕೈಗೆಟುಕುತ್ತಿಲ್ಲ’ ಎಂದು ಎದ್ದರು. ಒಪ್ಪಿದವರ ತೋಟಗಳಿಂದ ಈ ಮಳೆಗಾಲದಲ್ಲಿ ಯಾರಾದರೂ ಬಿದ್ದು ಬಂದರೇ ಎಂಬುದನ್ನು ಘಟ್ಟದ ಮೇಲಿನ ಆಸ್ಪತ್ರೆಯಲ್ಲಿರುವ ನನ್ನ ಗೆಳತಿ ಬರೆದಿಡುತ್ತಿದ್ದಾಳೆ. ಕೊಯ್ಲಿಗೆ ಮುಂಚೆ ಆ ಪುಟಗಳನ್ನು ಹಿಡಿದು ಇನ್ನೊಮ್ಮೆ ಕೂರುತ್ತೇವೆ.