ರಾತ್ರಿಯೆಲ್ಲಾ ಅಳ್ತಿದ್ದ ಮರಿ, ಗುರ್ ಅಂತಿದ್ದ ದೊಡ್ಡ ನಾಯಿ: ನಮಗೆ ವರ್ಕ್ ಆಗಿದ್ದು

ಮನೇಲಿ ಮೊದಲೇ 9 ವರ್ಷದ ಲ್ಯಾಬ್ (ಲ್ಯಾಬ್ರಡಾರ್ ನಾಯಿ) ಇದ್ದ, ಅವನ ಜೊತೆಗೆ 2 ತಿಂಗಳ ಇಂಡಿ (ನಮ್ಮ ನಾಟಿ ನಾಯಿ) ಮರಿ ಬಂತು, ರಾತ್ರಿ ಪೂರ್ತಿ ಕ್ರೇಟಲ್ಲಿ (ನಾಯಿ ಮಲಗೋ ಕಂಬಿ ಗೂಡು) ಕುಂಯ್ ಕುಂಯ್, ಹಗಲೆಲ್ಲಾ ಲ್ಯಾಬ್ ಮೈಮೇಲೆ ಬೀಳೋದು. ಈಗ ಎರಡೂ ಸರಿಹೋಗಿದೆ, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಕ್ರೇಟಲ್ಲಿ ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗೋಷ್ಟು ಜಾಗ ಸಾಕು, ಜಾಸ್ತಿ ಇದ್ರೆ ಒಂದು ಮೂಲೇಲಿ ಉಚ್ಚೆ ಹೊಯ್ದು ಇನ್ನೊಂದರಲ್ಲಿ ಮಲಗುತ್ತೆ, ಅದಕ್ಕೇ ಮಧ್ಯ ಡಿವೈಡರ್ ಹಾಕಿದ್ವಿ. ಊಟ ಒಳಗೇ ಕೊಡೋದು, ತಿನ್ನೋವಾಗ ಬಾಗಿಲು ಮುಚ್ಚಿ ಮುಗಿಯೋಷ್ಟರಲ್ಲಿ ತೆಗೆಯೋದು, ಆಮೇಲೆ ನಿಧಾನಕ್ಕೆ ಹೊತ್ತು ಜಾಸ್ತಿ ಮಾಡೋದು. ರಾತ್ರಿ ಕ್ರೇಟ್ ನಮ್ಮ ಮಂಚದ ಪಕ್ಕಾನೇ. ಕಂಬಿ ಸಂದೀಲಿ ಬೆರಳಿಟ್ರೆ ಅದಕ್ಕೆ ಮೂತಿ ಒತ್ಕೊಂಡು ಹಾಗೇ ನಿದ್ದೆ ಹೋಗ್ತಿತ್ತು ಪಾಪ. ಇಷ್ಟು ಸಣ್ಣ ಮರಿ 2-3 ಗಂಟೆಗಿಂತ ಜಾಸ್ತಿ ತಡ್ಕೊಳ್ಳೋದು ಕಷ್ಟ, ಅಲಾರಂ ಇಟ್ಟು ಎದ್ದು, ಆಟ ಆಡಿಸ್ದೆ ಉಚ್ಚೆ ಮಾಡಿಸಿ ವಾಪಸ್ ಮಲಗಿಸಿ. ಶಿಕ್ಷೆ ಅಂತ ಮಾತ್ರ ಕ್ರೇಟಿಗೆ ಹಾಕ್ಲೇಬೇಡಿ.

ಲ್ಯಾಬ್ ವಿಷ್ಯಕ್ಕೆ ಬಂದ್ರೆ, ಮೊದಲು ಇಬ್ಬರ ಹೊದಿಕೆ ಅದಲು ಬದಲು ಮಾಡಿ ವಾಸನೆ ಪರಿಚಯ ಮಾಡಿಸಿದ್ವಿ. ಭೇಟಿ ಟೆರೇಸಲ್ಲಿ, ಯಾಕಂದ್ರೆ ಅಲ್ಲಿ ಅವನಿಗೆ ನನ್ನ ಜಾಗ ಅನ್ನೋ ಹಕ್ಕಿಲ್ಲ, ಲಸಿಕೆ ಮುಗೀದಿರೋ ಮರೀನ ಬೀದಿಗೆ ಇಳಿಸಿದ್ರೆ ಪಾರ್ವೋ (ಮರಿಗಳ ಜೀವಕ್ಕೇ ಅಪಾಯ ತರೋ ವೈರಸ್ ಕಾಯಿಲೆ) ಭಯ ಬೇರೆ. ಲೀಶ್ (ನಾಯಿ ಹಿಡಿಯೋ ಹಗ್ಗ) ಸಡಿಲ ಇರ್ಲಿ. ಗುರ್ ಅಂದ್ರೆ ದೊಡ್ಡವನಿಗೆ ಬೈಬೇಡಿ, ದೂರ ಹೋಗು ಅಂತ ಅವನು ಹೇಳೋದೇ ಹಾಗೆ, ಅದನ್ನ ಅದುಮಿದ್ರೆ ಮುಂದೆ ಸೀದಾ ಕಚ್ಚಬಹುದು. ಮರೀನೇ ಪಕ್ಕಕ್ಕೆ ಎತ್ಕೊಳ್ಳಿ. ಊಟದ ಬಟ್ಟಲು ಈಗ್ಲೂ ಬೇರೆ ಬೇರೆ ರೂಮಲ್ಲೇ ಇಡ್ತೀವಿ.