ಕಾಲಿಗಿಂತ ಮೊದಲು ಮೂಗಿಗೆ ಸುಸ್ತಾಗಲಿ: ಮನೆಯೊಳಗಿನ ನಾಯಿಗೆ ಕೆಲಸ ಕೊಡುವುದು ಹೇಗೆ?

ಬೆಳಿಗ್ಗೆ ಮುಕ್ಕಾಲು ಗಂಟೆ ಸುತ್ತಾಡಿಸಿಕೊಂಡು ಬಂದಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ನಮ್ಮ ಗುಂಡ ಸೋಫಾ ದಿಂಬಿನ ಹೊಟ್ಟೆ ಬಗೆದು, ಹತ್ತಿಯ ರಾಶಿಯ ನಡುವೆ ಕೂತು ಬಾಲ ಅಲ್ಲಾಡಿಸುತ್ತಿದ್ದ. ಇಷ್ಟು ನಡೆದರೂ ಇವನಿಗೆ ಸುಸ್ತಾಗಲ್ವಾ ಅಂತ ರೇಗಿತು. ಕಾಲಿಗೇನೋ ಸುಸ್ತಾಗಿತ್ತು, ತಲೆಗೆ ಕೆಲಸವೇ ಸಿಕ್ಕಿರಲಿಲ್ಲ. ಇಡೀ ನಡಿಗೆಯಲ್ಲಿ ಅವನು ಮೂಸಲು ನಿಂತಾಗಲೆಲ್ಲ ನಾನು ಹಗ್ಗ ಎಳೆದಿದ್ದೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ಗುಂಡನಿಗೆ ಸಿಕ್ಕಿದ್ದು ದಿಂಬು.

ನಾಯಿಯ ತಲೆಗೆ ಕೆಲಸ ಅಂದರೆ ಮೊದಲು ಮೂಗಿಗೆ ಕೆಲಸ. ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ ಅಂದಾಜು 50–60 ಲಕ್ಷ. ನಾಯಿಯಲ್ಲಿ ತಳಿಗೆ ತಕ್ಕಂತೆ ಹತ್ತಾರು ಕೋಟಿ. ಅಷ್ಟು ದೊಡ್ಡ ಸಾಮಾನು ಇಟ್ಟುಕೊಂಡು ದಿನವಿಡೀ ಅದೇ ನಾಲ್ಕು ಗೋಡೆ ಮೂಸುತ್ತಾ ಬಿದ್ದಿರುವುದು ಬೇಜಾರಿನ ಕೆಲಸವೇ.

ಸಂಶೋಧಕಿಯರಾದ ಶಾರ್ಲೆಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಒಂದು ಚಂದದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಜಾಗದಲ್ಲಿಟ್ಟ ಬಟ್ಟಲಲ್ಲಿ ಯಾವಾಗಲೂ ತಿಂಡಿ ಇರುತ್ತದೆ, ಇನ್ನೊಂದು ಜಾಗದ್ದು ಯಾವಾಗಲೂ ಖಾಲಿ ಎಂದು ನಾಯಿಗಳಿಗೆ ಕಲಿಸಿದರು. ಆಮೇಲೆ ಬಟ್ಟಲನ್ನು ಎರಡರ ನಡುವೆ ಇಟ್ಟರು. ತಿಂಡಿ ಇದ್ದರೂ ಇರಬಹುದು ಅಂತ ನಂಬುವ ನಾಯಿ ಬೇಗ ಓಡುತ್ತದೆ, ನಂಬಿಕೆ ಇಲ್ಲದ್ದು ನಿಧಾನ ಮಾಡುತ್ತದೆ. ನಂತರ ಎರಡು ವಾರ ಕೆಲವು ನಾಯಿಗಳಿಗೆ ಮೂಸಿ ಹುಡುಕುವ ಆಟ, ಉಳಿದವಕ್ಕೆ ಮಾಲೀಕರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಮತ್ತೆ ಪರೀಕ್ಷಿಸಿದಾಗ ಮೂಸುವ ಆಟ ಆಡಿದವು ನಡುವಿನ ಬಟ್ಟಲಿನ ಕಡೆ ಮೊದಲಿಗಿಂತ ಬೇಗ ಹೋದವು. ನಡಿಗೆಯ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಮೊದಲು ಬಟ್ಟಲು ಎತ್ತಿಡಿ

ಹೊಸ ಆಟಿಕೆ ಕೊಳ್ಳಲು ಓಡಬೇಡಿ. ದಿನದ ಊಟದಲ್ಲೇ ಒಂದು ಪಾಲನ್ನು ಆಟಕ್ಕೆ ತೆಗೆದಿಡಿ. ಹೆಚ್ಚುವರಿ ತಿಂಡಿ ಕೊಟ್ಟರೆ ಬುದ್ಧಿಯ ಜೊತೆ ಹೊಟ್ಟೆಯೂ ಬೆಳೆಯುತ್ತದೆ. ಮೊದಲ ದಿನ ಆ ಪಾಲನ್ನು ದಪ್ಪ ಕಾಲೊರೆಸಿನ ಮೇಲೆ ಚೆಲ್ಲಿಬಿಡಿ, ಸಾಕು. ಒಂದು ನಿಮಿಷದ ಊಟ ಹತ್ತು ನಿಮಿಷಕ್ಕೆ ಎಳೆಯುತ್ತದೆ.

ಆಮೇಲೆ ಹುಡುಕಾಟ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಆಟ ಇದೇ. ನಾಯಿಯನ್ನು ಕೂರಿಸಿ, ಅದರ ಕಣ್ಣೆದುರೇ ಮೂರು ಕಡೆ ತಿಂಡಿಯ ಚೂರು ಇಡಿ. 'ಹುಡುಕು' ಅಂತ ಹೇಳಿ ಬಿಡಿ. ಎರಡು ದಿನ ಹೀಗೇ ಆಡಿಸಿದರೆ ಆ ಮಾತಿನ ಅರ್ಥ ಅದಕ್ಕೆ ಕೂತುಬಿಡುತ್ತದೆ. ಮುಂದಿನ ಸಲ ನಾಯಿಯನ್ನು ಇನ್ನೊಂದು ಕೋಣೆಯಲ್ಲಿ ನಿಲ್ಲಿಸಿ ಅಡಗಿಸಿಡಿ: ಕುರ್ಚಿ ಕಾಲಿನ ಹಿಂದೆ, ಬಾಗಿಲ ಸಂದಿಯಲ್ಲಿ, ಶೂ ಒಳಗೆ ಮಾತ್ರ ಬೇಡ (ಕಾರಣ ನಿಮಗೇ ಹೊಳೆಯುತ್ತದೆ). ಅದೂ ಸಲೀಸಾದ ಮೇಲೆ ಮೂಗಿನ ಎತ್ತರಕ್ಕೆ, ಸ್ಟೂಲಿನ ಮೇಲೆ ಇಡಿ.

ಇಲ್ಲಿ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಸಿಗಲಿಲ್ಲ ಅಂತ ಕನಿಕರ ಬಂದು ಬೆರಳು ತೋರಿಸುತ್ತೇವೆ. ಆಗ ನಾಯಿ ಹುಡುಕುವುದು ಬಿಟ್ಟು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತದೆ. ಸುಮ್ನೆ ಕೂತು ನೋಡಿ. ತಲೆ ತಗ್ಗಿಸಿ ಸುರ್ ಸುರ್ ಅಂತ ಮೂಸುತ್ತಾ ಹೋಗುತ್ತದೆ. ತಿಂಡಿ ದಾಟಿ ಒಂದು ಹೆಜ್ಜೆ ಮುಂದೆ ಹೋದದ್ದು ಗಕ್ಕನೆ ಕತ್ತು ಹಿಂದಕ್ಕೆ ತಿರುಗಿಸುತ್ತದೆ. ವಾಸನೆ ಎಲ್ಲಿ ತಪ್ಪಿತು ಅಂತ ಅದಕ್ಕೆ ಗೊತ್ತಾದ ಕ್ಷಣ ಅದು. ನಿಜವಾಗಿಯೂ ಸಿಗದೇ ಹೋದರೆ ಇನ್ನೊಂದು ಚೂರನ್ನು ಸುಲಭದ ಜಾಗದಲ್ಲಿಟ್ಟು ಗೆಲ್ಲಿಸಿ. ಹತ್ತು ನಿಮಿಷ ಸಾಕು. ಖಾಲಿ ಕೈ ತೋರಿಸಿ 'ಮುಗೀತು' ಅನ್ನಿ, ಇಲ್ಲವಾದರೆ ಮನೆಯೆಲ್ಲ ಜಾಲಾಡುತ್ತಲೇ ಇರುತ್ತದೆ.

ಟವೆಲ್ ಸುರುಳಿ

ಹಳೇ ಟವೆಲ್ ಹಾಸಿ, ತಿಂಡಿಯ ಚೂರು ಉದುರಿಸಿ, ಚಾಪೆ ಸುತ್ತಿದ ಹಾಗೆ ಸಡಿಲವಾಗಿ ಸುತ್ತಿ. ಕೆಲವು ನಾಯಿಗಳು ಮೂಗಿನಿಂದ ತಳ್ಳಿ ಬಿಡಿಸುತ್ತವೆ, ಕೆಲವು ಕಾಲಲ್ಲಿ ಕೆರೆಯುತ್ತವೆ. ಬೊಗಳಿದರೆ ಅಥವಾ ಬಿಟ್ಟು ಹೋಗಿ ಮಲಗಿದರೆ ಕಷ್ಟ ಜಾಸ್ತಿಯಾಗಿದೆ ಎಂದರ್ಥ, ಅರ್ಧ ಬಿಚ್ಚಿ ಕೊಡಿ. ರಟ್ಟಿನ ಡಬ್ಬಿಯಲ್ಲಿ ಮುದುಡಿದ ಕಾಗದ ತುಂಬಿಯೂ ಇದೇ ಆಟ ಆಡಿಸಬಹುದು. ಟೇಪು, ಪಿನ್ನು ಮೊದಲೇ ತೆಗೆದಿರಬೇಕು. ಬಟ್ಟೆ ಅಥವಾ ಕಾಗದ ನುಂಗುವ ಚಾಳಿ ಇರುವ ನಾಯಿಗೆ ಇವೆರಡೂ ಬೇಡ.

ಹೆಸರು ಕಲಿಸಿ

ಚೇಸರ್ ಎಂಬ ಬಾರ್ಡರ್ ಕೋಲಿ ತಳಿಯ ನಾಯಿಗೆ ಅದನ್ನು ಸಾಕಿದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ 1,022 ಆಟಿಕೆಗಳ ಹೆಸರು ಕಲಿಸಿದ್ದರು. 2011ರಲ್ಲಿ ಪ್ರಬಂಧವಾಗಿ ಬಂದ ಈ ಕೆಲಸಕ್ಕೆ ಮೂರು ವರ್ಷ ಹಿಡಿದಿತ್ತು. ನಮಗೆ ಎರಡು ಸಾಕು, ಗುಂಡನಿಗೆ ಎರಡನೆಯದೇ ಇನ್ನೂ ಗೊಂದಲ. ಒಂದೇ ಆಟಿಕೆ ಹಿಡಿದು 'ಚೆಂಡು' ಅನ್ನುತ್ತಾ ಆಡಿಸಿ. ಚೆಂಡು ಅಂದಾಗ ಅದನ್ನೇ ತರುವುದು ರೂಢಿಯಾದ ಮೇಲೆ ಪಕ್ಕದಲ್ಲಿ ಬೇರೊಂದು ವಸ್ತು ಇಟ್ಟು ಕೇಳಿ. ತಪ್ಪು ತಂದರೆ ಬೈಯಬೇಡಿ, ಸುಮ್ಮನಿದ್ದು ಮತ್ತೆ ಕೇಳಿ.

ಅಗಿಯಲು, ನೆಕ್ಕಲು

ಸಂಜೆ ಹೊತ್ತು ತಣ್ಣಗಾಗಿಸಲು ಇವು ಒಳ್ಳೆಯವು. ಟೊಳ್ಳು ರಬ್ಬರ್ ಆಟಿಕೆಗೆ ಊಟ ಮೆತ್ತಿ ಫ್ರೀಜರ್‌ನಲ್ಲಿಟ್ಟು ಕೊಡಿ. ಅಗಿಯುವ ವಸ್ತುವಿನ ಮೇಲೆ ಹೆಬ್ಬೆರಳ ಉಗುರು ಒತ್ತಿ ನೋಡಿ, ಗುರುತು ಬೀಳದಷ್ಟು ಗಟ್ಟಿ ಇದ್ದರೆ ಹಲ್ಲು ಮುರಿದೀತು. ಮೆತ್ತಲು ಪೀನಟ್ ಬಟರ್ ಬಳಸುವುದಾದರೆ ಡಬ್ಬಿ ಓದಿ. ಝೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿಯೂ ಅಷ್ಟೇ.

ಲೇಸರ್ ಬೆಳಕು ಓಡಿಸುವ ಆಟ ಮಾತ್ರ ನನಗೆ ಸರಿ ಬರುವುದಿಲ್ಲ. ಬೆನ್ನಟ್ಟಿದ್ದು ಎಂದೂ ಬಾಯಿಗೆ ಸಿಗುವುದಿಲ್ಲ. ಕೆಲವು ನಾಯಿಗಳು ಆಮೇಲೆ ಗೋಡೆ ಮೇಲಿನ ನೆರಳು, ಬೆಳಕಿನ ಹಿಂದೆಲ್ಲ ಬೀಳುತ್ತವೆ.

ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಆಡಿಸಿ, ತಿಂಡಿಯ ವಿಷಯದಲ್ಲಿ ಸ್ನೇಹ ನಡೆಯುವುದಿಲ್ಲ. ಮುದಿ ನಾಯಿಗೆ ಕಾಲು ಸೋತರೂ ಹುಡುಕಾಟ ಆಗುತ್ತದೆ, ನೆಲದ ಮೇಲೇ ಇಡಿ. ಇಷ್ಟೆಲ್ಲ ಒಂದೇ ದಿನ ಬೇಡ, ದಿನಕ್ಕೊಂದು ಸಾಕು. ನಾಯಿಗಳು ದಿನದ ಅರ್ಧದಷ್ಟು ಹೊತ್ತು ನಿದ್ದೆ ಮಾಡುವ ಜೀವಿಗಳು, ಅದಕ್ಕೂ ಬಿಡಬೇಕಲ್ವಾ? ಚುರುಕಾಗಿದ್ದ ನಾಯಿ ಇದ್ದಕ್ಕಿದ್ದಂತೆ ಆಟವೇ ಬೇಡ ಅಂದರೆ ಬೇಜಾರು ಅಂದುಕೊಳ್ಳಬೇಡಿ, ವೈದ್ಯರಿಗೆ ತೋರಿಸಿ.

ಆಟ ಮುಗಿದ ಮೇಲೆ ಟವೆಲನ್ನು ಅದರ ಕಣ್ಣಿಗೆ ಬೀಳದಂತೆ ಎತ್ತಿಡುವುದು ಮರೆಯಬೇಡಿ. ನಾನು ಒಮ್ಮೆ ಮರೆತೆ. ಈಗ ಗುಂಡನ ಲೆಕ್ಕದಲ್ಲಿ ಸುತ್ತಿಟ್ಟ ಬಟ್ಟೆಯೆಲ್ಲ ಊಟದ ಪೊಟ್ಟಣ. ನಿನ್ನೆ ಮಡಚಿಟ್ಟ ಕಾಲುಚೀಲಗಳನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಿದ್ದಾನೆ.